ಎರಡು ನೆಲ ಬೇಡುವ ಪ್ರಾಣಿ

ಬೇಸಿಗೆಯಲ್ಲಿ ರಾಯಚೂರಿನ ಮಧ್ಯಾಹ್ನ 40 ಡಿಗ್ರಿ ಸೆಲ್ಸಿಯಸ್ ದಾಟುವುದು ಮಾಮೂಲು. ಕೆಲವು ವರ್ಷ 44, 45ರ ಹತ್ತಿರಕ್ಕೂ ಹೋಗುತ್ತದೆ. ಆ ಹೊತ್ತಿಗೆ ದನ ಬೇವಿನ ಮರದ ಕೆಳಗೆ ನಿಂತು ಮೆಲುಕು ಹಾಕುತ್ತದೆ. ಕುರಿಗಳು ಒಂದರ ಹೊಟ್ಟೆಯ ಕೆಳಗೆ ಇನ್ನೊಂದು ತಲೆ ಹುದುಗಿಸಿ ಗುಂಪಾಗುತ್ತವೆ. ಹಂದಿಗೆ ಮಾತ್ರ ನೆರಳೊಂದೇ ಸಾಲದು. ಅದು ತೇವ ಹುಡುಕಿಕೊಂಡು ಹೋಗುತ್ತದೆ: ಚರಂಡಿಯ ಅಂಚು, ನಳದ ನೀರು ನಿಂತ ತಗ್ಗು, ಜಾಲಿ ಕಂಟಿಯ ಬುಡದ ರಾಡಿ. ಇದನ್ನು ಹೊಲಸಿನ ಮೇಲಿನ ಆಸೆ ಎಂದು ತಿಳಿದವರೇ ಹೆಚ್ಚು. ಹಂದಿಯ ಶರೀರವನ್ನು ಅರಿತವರಿಗೆ ಅದು ಬದುಕಿ ಉಳಿಯುವ ಲೆಕ್ಕಾಚಾರವಾಗಿ ಕಾಣುತ್ತದೆ. ರಾಯಚೂರು, ಮಾನ್ವಿ, ದೇವದುರ್ಗದಂಥ ಬಿಸಿಲ ಸೀಮೆಯಲ್ಲಿ ಹಂದಿಯ ಚರ್ಮದ ಆರೋಗ್ಯವನ್ನು ಅರ್ಥ ಮಾಡಿಕೊಳ್ಳಲು ಇಲ್ಲಿಂದಲೇ ಶುರು ಮಾಡಬೇಕು. ಮೈಮೇಲೆ ಹುರುಕು, ಗಾಯ, ಹಕ್ಕಳೆ ಕಂಡ ಕೂಡಲೇ ನಾವು ಯಾವ ಹುಳ, ಯಾವ ರೋಗಾಣು, ಯಾವ ಸೂಜಿಮದ್ದು ಎಂದು ಕೇಳುತ್ತೇವೆ. ಅದು ಸರಿಯಾದ ಪ್ರಶ್ನೆಯೇ. ಆದರೆ ಅದಕ್ಕೂ ಮೊದಲು ಕೇಳಬೇಕಾದದ್ದು, ಮಧ್ಯಾಹ್ನ ಎರಡು ಗಂಟೆಗೆ ಈ ಹಂದಿ ಯಾವ ನೆಲದ ಮೇಲೆ ಮಲಗಿರುತ್ತದೆ ಎಂಬುದು. ಈ ಸೀಮೆಯ ಹಂದಿಗೆ ಒಂದೇ ಬಗೆಯ ನೆಲ, ಅದು ಎಷ್ಟೇ ಒಳ್ಳೆಯದಿರಲಿ, ಸಾಕಾಗುವುದಿಲ್ಲ. ಅದಕ್ಕೆ ಒಣಗಿದ ನೆಲವೊಂದು, ತೇವದ ನೆಲವೊಂದು ಬೇಕು, ಎರಡೂ ಬೇರೆ ಬೇರೆಯಾಗಿ ಬೇಕು ಎಂಬುದೇ ಈ ಅಧ್ಯಾಯದ ವಾದ.

ಹಂದಿಯ ಚರ್ಮ ಮನುಷ್ಯನ ಚರ್ಮವನ್ನು ಬಹಳ ಹೋಲುತ್ತದೆ. ಮೇಲ್ಪದರದ ದಪ್ಪ, ಗಾಯ ಮಾಯುವ ರೀತಿ ಎರಡೂ ಹತ್ತಿರವಿರುವುದರಿಂದಲೇ ಸುಟ್ಟ ಗಾಯದ ಚಿಕಿತ್ಸೆ, ಹಚ್ಚುವ ಔಷಧಿಗಳ ಪ್ರಯೋಗಕ್ಕೆ ವೈದ್ಯವಿಜ್ಞಾನಿಗಳು ಹಂದಿಯನ್ನು ಆರಿಸಿಕೊಳ್ಳುತ್ತಾರೆ. ಒಂದು ವಿಷಯದಲ್ಲಿ ಮಾತ್ರ ಎರಡಕ್ಕೂ ಅಜಗಜಾಂತರ. ಹೊಲದಲ್ಲಿ ದುಡಿಯುವವರ ಮೈಯಿಂದ ಇಳಿಯುವ ಬೆವರೇ ಅವರನ್ನು ಕಾಯುತ್ತದೆ; ಹಂದಿಗೆ ಆ ಸೌಕರ್ಯವಿಲ್ಲ. ಅದರ ಚರ್ಮದಲ್ಲಿ ಬೆವರಿನ ಗ್ರಂಥಿಗಳು ಇವೆಯಾದರೂ ಮೈ ತಂಪು ಮಾಡುವಷ್ಟು ಬೆವರನ್ನು ಅವು ಕೊಡುವುದಿಲ್ಲ. ಮೈಯ ಒಳಗಿನ ಉಷ್ಣಾಂಶ ಸುಮಾರು 39 ಡಿಗ್ರಿ. ಹೊರಗಿನ ಗಾಳಿಯೇ 42 ಇದ್ದಾಗ ಗಾಳಿಗೆ ಶಾಖ ಬಿಟ್ಟುಕೊಡುವ ದಾರಿ ಮುಚ್ಚಿಹೋಗುತ್ತದೆ. ಉಳಿಯುವುದು ಏದುಸಿರು, ತೇವ, ನೆಲ ಈ ಮೂರೇ. ಏದುಸಿರಿನಿಂದ ಆಗುವ ಉಪಕಾರ ಅಲ್ಪ. ಹಾಗಾಗಿ ಹಂದಿ ಬೆವರನ್ನು ಹೊರಗಿನಿಂದ ತಂದುಕೊಳ್ಳುತ್ತದೆ. 1965ರಲ್ಲಿ ಬ್ರಿಟನ್ನಿನ ಶರೀರಶಾಸ್ತ್ರಜ್ಞ ಇಂಗ್ರಾಮ್ ಹಂದಿಯ ಮೈಗೆ ಬರೀ ನೀರು ಹಾಕಿದಾಗ ಮತ್ತು ಕೆಸರು ಮೆತ್ತಿದಾಗ ಆವಿಯಾಗುವಿಕೆ ಎಷ್ಟು ಹೊತ್ತು ನಡೆಯುತ್ತದೆ ಎಂದು ಅಳೆದು ನೋಡಿದರು. ಬರೀ ನೀರು ಬೇಗ ಆರಿಹೋಯಿತು. ಕೆಸರು ನೀರನ್ನು ಹಿಡಿದಿಟ್ಟುಕೊಂಡು ಬಹಳ ಹೊತ್ತು ತಂಪು ಕೊಟ್ಟಿತು. ಹಂದಿಯ ಕೆಸರಾಟದ ಬಗ್ಗೆ ಅಲ್ಲಿಯವರೆಗೆ ಬಂದಿದ್ದ ಅಧ್ಯಯನಗಳನ್ನೆಲ್ಲ 2011ರಲ್ಲಿ ಒಟ್ಟುಗೂಡಿಸಿ ನೋಡಿದ ನೆದರ್‌ಲೆಂಡ್ಸಿನ ಮಾರ್ಕ್ ಬ್ರಾಕೆ ಅವರೂ ಮೈ ತಂಪು ಮಾಡಿಕೊಳ್ಳುವುದೇ ಅದರ ಮುಖ್ಯ ಉದ್ದೇಶ ಎಂಬ ಕಡೆಗೇ ಒಲಿದರು.

ಇದರ ಹಿಂದಿನ ಲೆಕ್ಕ ನೋಡುವಂಥದ್ದು. 100 ಕಿಲೋ ತೂಗುವ ಹಂದಿಯ ದೇಹ ಹೆಚ್ಚುಕಡಿಮೆ 200 ವಾಟ್ ಶಾಖ ಹುಟ್ಟಿಸುತ್ತದೆ. ಒಂದು ಲೀಟರ್ ನೀರು ಪೂರ್ತಿ ಆವಿಯಾಗಲು ಸುಮಾರು 2,400 ಕಿಲೋಜೂಲ್ ಶಾಖ ಬೇಕು. ಭಾಗಿಸಿದರೆ, ಹಂದಿಯ ಮೈಮೇಲೆಯೇ ಆವಿಯಾಗುವ ಒಂದು ಲೀಟರ್ ನೀರು ಆ ದೇಹ ಮೂರು ಗಂಟೆಗೂ ಹೆಚ್ಚು ಹೊತ್ತು ಹುಟ್ಟಿಸಿದ ಶಾಖವನ್ನು ಹೊತ್ತುಕೊಂಡು ಹೋಗಬಲ್ಲದು. ರಾಯಚೂರಿನ ಏಪ್ರಿಲ್, ಮೇ ತಿಂಗಳ ಗಾಳಿ ಒಣಗಾಳಿ; ತೇವವನ್ನು ಕೂಡಲೇ ಹೀರಿಕೊಳ್ಳುತ್ತದೆ. ನಾವು ಬೈದುಕೊಳ್ಳುವ ಈ ಒಣ ಧಗೆಯೇ ಹಂದಿಯನ್ನು ತಂಪು ಮಾಡುವ ಕೆಲಸದಲ್ಲಿ ನಮ್ಮ ಕಡೆಗಿದೆ. ಇನ್ನು ನೆಲದ ಪಾಲು. ಹಂದಿ ಕಾಲು ಚಾಚಿ ಮಗ್ಗುಲಾಗಿ ಮಲಗಿದರೆ ಮೈಯ ಸುಮಾರು ಐದರಲ್ಲೊಂದು ಭಾಗ ನೆಲಕ್ಕೆ ತಾಗುತ್ತದೆ. ನೆಲ ಚರ್ಮಕ್ಕಿಂತ ಎರಡು ಮೂರು ಡಿಗ್ರಿ ತಣ್ಣಗಿದ್ದರೂ ಸಾಕು, ಶಾಖ ಮೈಯಿಂದ ನೆಲಕ್ಕಿಳಿಯುತ್ತದೆ. ತಗಡಿನ ಚಾವಣಿಯ ಕೆಳಗೆ, ಬಿಸಿಲು ಬಿದ್ದು ಕಾದ ಗಚ್ಚು ಮೈಗಿಂತ ಬಿಸಿಯಾಗಿದ್ದರೆ ಶಾಖ ಹಿಮ್ಮುಖವಾಗಿ ಹರಿಯುತ್ತದೆ. ಕಾಂಕ್ರೀಟಿನ ಮೂಲಕ ಶಾಖ ಹುಲ್ಲಿನ ಹಾಸಿಗಿಂತ ಹತ್ತಾರು ಪಟ್ಟು ಸರಾಗವಾಗಿ ಹರಿಯುತ್ತದೆ. ಅಂದರೆ ಅದೇ ಗಚ್ಚು ನೆರಳಲ್ಲಿ ಉಪಕಾರಿ, ಬಿಸಿಲಲ್ಲಿ ಅಪಕಾರಿ. ಯಾವ ನೆಲ ಒಳ್ಳೆಯದು ಎಂದು ಕೇಳುವವರು ಅದರ ಮೇಲಿನ ಚಾವಣಿಯನ್ನೂ ಸೇರಿಸಿಯೇ ಕೇಳಬೇಕು.

ಚರ್ಮದ ಕಥೆ ನಿಜವಾಗಿ ಶುರುವಾಗುವುದು ಹಂದಿಯನ್ನು ನಾಲ್ಕು ಗೋಡೆಯೊಳಗೆ ಕೂಡಿಹಾಕಿದಾಗ. ಜಾಗವಿದ್ದರೆ ಹಂದಿ ಮಲಗುವ ಕಡೆ ಹೇಲುವುದಿಲ್ಲ. ಹುಟ್ಟಿದ ಕೆಲವೇ ದಿನಗಳಲ್ಲಿ ಮರಿಗಳೂ ಗೂಡಿನ ಒಂದು ಮೂಲೆಯನ್ನು ಅದಕ್ಕೆಂದು ಬಿಟ್ಟುಕೊಡುತ್ತವೆ. ಈ ಶಿಸ್ತು ಎಲ್ಲಿಯವರೆಗೆ ಉಳಿಯುತ್ತದೆ ಎಂಬುದನ್ನು ನೆದರ್‌ಲೆಂಡ್ಸಿನಲ್ಲಿ ಆರ್ನಿಂಕ್ ಮತ್ತು ಸಂಗಡಿಗರು 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ತೋರಿಸಿದರು. ಕೋಣೆಯ ಉಷ್ಣಾಂಶವನ್ನು ಸ್ವಲ್ಪ ಸ್ವಲ್ಪವೇ ಏರಿಸುತ್ತ ಹೋದರೆ ಒಂದು ಹಂತದಲ್ಲಿ ಹಂದಿಗಳು ಸಗಣಿ ಬೀಳುವ ತಂಪು ಜಾಗದಲ್ಲಿ ಮಲಗತೊಡಗುತ್ತವೆ, ಮಲಗುವ ಜಾಗವನ್ನು ಹೊಲಸು ಮಾಡತೊಡಗುತ್ತವೆ. 25 ಕಿಲೋ ಮರಿಗಳಲ್ಲಿ ಆ ಹಂತ ಸುಮಾರು 25 ಡಿಗ್ರಿ. 100 ಕಿಲೋ ತೂಕಕ್ಕೆ ಬಂದ ಹಂದಿಗಳಲ್ಲಿ ಸುಮಾರು 20 ಡಿಗ್ರಿ. ಈ ಎರಡು ಅಂಕಿಗಳನ್ನು ರಾಯಚೂರಿನ ಹವೆಯ ಪಕ್ಕದಲ್ಲಿಟ್ಟು ನೋಡಿ. ಇಲ್ಲಿ ಡಿಸೆಂಬರಿನ ಮಧ್ಯಾಹ್ನವೂ 25 ದಾಟುತ್ತದೆ. ಹಾಗಾದರೆ ಒಂದೇ ನೆಲದ ಗೂಡಿನಲ್ಲಿ ಕೂಡಿಟ್ಟ ದೊಡ್ಡ ಹಂದಿಗೆ ವರ್ಷದ ಬಹುಪಾಲು ದಿನ ಉಳಿಯುವ ಆಯ್ಕೆ ಯಾವುದು? ತನ್ನದೇ ಮೂತ್ರ ಮತ್ತು ಸಗಣಿಯ ತೇವ. ಮೂತ್ರದಲ್ಲಿನ ಯೂರಿಯಾ ಸಗಣಿಯ ಬ್ಯಾಕ್ಟೀರಿಯಾಗಳ ಕೈಗೆ ಸಿಕ್ಕು ಅಮೋನಿಯಾ ಆಗುತ್ತದೆ. ಗಂಟೆಗಟ್ಟಲೆ ತೇವದಲ್ಲಿ ನೆನೆದ ಚರ್ಮದ ಮೇಲ್ಪದರ ಮೆತ್ತಗಾಗುತ್ತದೆ, ಅಮೋನಿಯಾ ಅದರ ಸಹಜ ಆಮ್ಲೀಯತೆಯನ್ನು ಕೆಡಿಸುತ್ತದೆ, ಗಚ್ಚಿನ ಮೇಲೆ ಹೊರಳಿದಾಗ ಅದು ತರಚುತ್ತದೆ, ತರಚಿದ ಕಡೆ ರೋಗಾಣು ಇಳಿಯುತ್ತದೆ. ಈ ಸರಪಳಿಯ ಮೊದಲ ಕೊಂಡಿ ಧಗೆ, ಕೊನೆಯ ಕೊಂಡಿ ರೋಗಾಣು. ನಾವು ಔಷಧಿ ಹಾಕುವುದು ಕೊನೆಯ ಕೊಂಡಿಗೆ ಮಾತ್ರ.

ತರಚುವುದು ಹೇಗೆ ಎಂಬುದನ್ನು ಹಾಲುಣ್ಣುವ ಮರಿಯಲ್ಲಿ ಹತ್ತಿರದಿಂದ ನೋಡಬಹುದು. ಮರಿ ಮೊಲೆಗೆ ಬಾಯಿ ಹಾಕುವಾಗ ಮುಂಗಾಲು ಮಡಚಿ ಮೊಣಕಾಲೂರುತ್ತದೆ. ಹಾಲು ಇಳಿಯುವ ಮುನ್ನ ಮೂತಿಯಿಂದ ಕೆಚ್ಚಲನ್ನು ಗುದ್ದುತ್ತದೆ, ಪಕ್ಕದ ಮರಿಯನ್ನು ಸರಿಸಲು ಒದ್ದಾಡುತ್ತದೆ. ಪ್ರತಿ ಗುದ್ದಿಗೂ ಮೊಣಕಾಲು ನೆಲದ ಮೇಲೆ ಹಿಂದೆ ಮುಂದೆ ಉಜ್ಜುತ್ತದೆ. ಹಾಲೂಡಿಸುವುದು ಹೆಚ್ಚುಕಡಿಮೆ ಗಂಟೆಗೊಮ್ಮೆ, ಹಗಲೂ ರಾತ್ರಿ. ಹುಟ್ಟಿದ ಮರಿಯ ಚರ್ಮ ಹಸಿ, ಕೂದಲು ತೆಳು. ಒರಟು ಗಚ್ಚಿನ ಮೇಲೆ ಮೊದಲ ಒಂದೆರಡು ದಿನಗಳಲ್ಲೇ ಎರಡೂ ಮೊಣಕಾಲಿನ ಮೇಲೆ ಕೆಂಪು ಕಲೆ ಮೂಡಿ, ಆಮೇಲೆ ಕಂದು ಹಕ್ಕಳೆ ಕಟ್ಟುತ್ತದೆ. ಹೆಣ್ಣು ಮರಿಗಳ ಮುಂದಿನ ಮೊಲೆತೊಟ್ಟುಗಳು ಇದೇ ರೀತಿ ಸವೆದು ಸತ್ತುಹೋಗುವುದೂ ಉಂಟು. ಆ ಮರಿ ಬೆಳೆದು ತಾಯಿಯಾದಾಗ ಹಾಲಿಲ್ಲದ ಮೊಲೆಯ ಕಾರಣ ಯಾರಿಗೂ ನೆನಪಿರುವುದಿಲ್ಲ. ಮೊಣಕಾಲಿನ ಈ ಸಣ್ಣ ಗಾಯದಲ್ಲಿ ಸ್ಟೆಫಿಲೋಕಾಕಸ್ ಹೈಕಸ್ ಎಂಬ ಬ್ಯಾಕ್ಟೀರಿಯಾ ಹೊಕ್ಕರೆ ಪರಿಣಾಮ ಬೇರೆಯೇ. ಆರೋಗ್ಯವಂತ ಹಂದಿಯ ಚರ್ಮದ ಮೇಲೂ ಅದು ಇರುತ್ತದೆ. ಚರ್ಮ ಗಟ್ಟಿಯಿರುವವರೆಗೆ ಏನೂ ಮಾಡದು. ಗಾಯ ಸಿಕ್ಕಿತೋ, ಮೇಲ್ಪದರದ ಕೋಶಗಳ ನಡುವಿನ ಬೆಸುಗೆ ಬಿಡಿಸುವ ವಿಷವನ್ನು ಸ್ರವಿಸುತ್ತದೆ. ಮರಿಯ ಮೈಯೆಲ್ಲ ಎಣ್ಣೆ ಮೆತ್ತಿದಂತೆ ಜಿಡ್ಡಾಗಿ, ಕಂದು ಪೊರೆ ಕಟ್ಟಿ, ನೀರು ಸೋರಿ ಮರಿ ಸಾಯುತ್ತದೆ. ಒಂದರಿಂದ ಐದು ವಾರದ ಮರಿಗಳಿಗೆ ಇದರ ಕಾಟ ಹೆಚ್ಚು. ಪ್ರತಿಜೀವಕ ಕೊಟ್ಟು ಬದುಕಿಸಬಹುದು, ನಿಜ. ಅದೇ ಗೂಡಿನಲ್ಲಿ ಮುಂದಿನ ಸೂಲಿನ ಮರಿಗಳು ಅದೇ ಒರಟು ನೆಲದ ಮೇಲೆ ಮೊಣಕಾಲೂರುತ್ತವೆ.

ದೊಡ್ಡ ಹಂದಿಯಲ್ಲಿ ನೆಲದ ಗುರುತು ಬೇರೆ ಕಡೆ ಬೀಳುತ್ತದೆ. ಹಿಂಗಾಲಿನ ಕೀಲಿನ ಹೊರಮೈಯಲ್ಲಿ ಮಾಂಸವಿಲ್ಲ, ಚರ್ಮದ ಕೆಳಗೆ ನೇರ ಎಲುಬು. ಗಟ್ಟಿ ನೆಲದಲ್ಲಿ ಮಲಗಿ ಎದ್ದು ಅಲ್ಲಿ ನೀರು ತುಂಬಿದ ಗಂಟು ಏಳುತ್ತದೆ. ಮರಿ ಹಾಕಿ ಬಡಕಲಾದ ತಾಯಿಹಂದಿ ಗಂಟೆಗಟ್ಟಲೆ ಒಂದೇ ಮಗ್ಗುಲಿಗೆ ಮಲಗಿ ಹಾಲೂಡಿಸುವಾಗ ಹೆಗಲ ಮೂಳೆಯ ಏಣು ಚರ್ಮವನ್ನು ಒಳಗಿನಿಂದ ನೆಲಕ್ಕೆ ಒತ್ತುತ್ತದೆ. ರಕ್ತ ಹರಿಯದೆ ಆ ಜಾಗ ಸತ್ತು ಹುಣ್ಣಾಗುತ್ತದೆ. ಹಾಸಿಗೆ ಹಿಡಿದ ಮುದುಕರ ಬೆನ್ನಿಗೆ ಬರುವ ಹುಣ್ಣಿನದೂ ಇದೇ ಕಾರಣ. ಹೊಸ ಗಚ್ಚಿನಲ್ಲಿ ಮತ್ತೊಂದು ಅಪಾಯವಿದೆ: ಸಿಮೆಂಟಿನ ಸುಣ್ಣದಿಂದಾಗಿ ಹಸಿ ಕಾಂಕ್ರೀಟಿನ ಪಿಎಚ್ 12ರಿಂದ 13ರವರೆಗೆ ಇರುತ್ತದೆ, ಚರ್ಮವನ್ನು ಸುಡುವಷ್ಟು ತೀಕ್ಷ್ಣ ಕ್ಷಾರ. ಶೆಡ್ ಮುಗಿದ ವಾರದಲ್ಲೇ ಮರಿಗಳನ್ನು ತಂದು ಬಿಟ್ಟು, ಗೊರಸಿನ ಸುತ್ತ ಹೊಟ್ಟೆಯ ಕೆಳಗೆ ಚರ್ಮ ಸುಲಿದುದನ್ನು ಕಂಡು ಸಾಂಕ್ರಾಮಿಕ ರೋಗವೆಂದು ಗಾಬರಿಯಾದರೆ ತಪ್ಪು ಕಾರಣ ಹಿಡಿದಂತೆ. ನೆಲಕ್ಕೆ ನೀರುಣಿಸಿ ಗಟ್ಟಿ ಮಾಡಿದ ಮೇಲೆ ಹಲವು ಬಾರಿ ತೊಳೆದು, ಒಣಗಿಸಿ, ಆಮೇಲೆ ಹಂದಿ ಬಿಡಬೇಕು.

ಹಾಗಾದರೆ ಮೆತ್ತನೆಯ ಹಾಸು ಹಾಕಿದರೆ ಆಯಿತಲ್ಲ ಎನ್ನಬಹುದು. ಇಂಗ್ಲೆಂಡಿನ ಹಂದಿ ಸಾಕಣೆಗಳಲ್ಲಿ ಕಿಲ್‌ಬ್ರೈಡ್, ಗ್ರೀನ್ ಮತ್ತಿತರರು ಹಾಲುಣ್ಣುವ ಮರಿಗಳ ಕಾಲುಗಳನ್ನು ಪರೀಕ್ಷಿಸಿ 2009ರಲ್ಲಿ ಪ್ರಕಟಿಸಿದ ವರದಿ ಈ ಮಾತಿಗೆ ಬಲ ಕೊಡುತ್ತದೆ, ಜೊತೆಗೆ ಒಂದು ತಿರುವನ್ನೂ ಕೊಡುತ್ತದೆ. ಹಾಸು ಕಡಿಮೆಯಿದ್ದ ಗಟ್ಟಿ ಕಾಂಕ್ರೀಟಿನ ಮೇಲೆ ಚರ್ಮದ ತರಚು ಹೆಚ್ಚು. ಸೀಳುಗಳಿರುವ ನೆಲದ ಮೇಲೆ ಅಂಗಾಲಿನ ಜಜ್ಜು ಹೆಚ್ಚು. ಹೊರಗೆ ಮಣ್ಣಿನ ಮೇಲೆ ಬೆಳೆದ ಮರಿಗಳಲ್ಲಿ ಎರಡೂ ಕಡಿಮೆ. ಅಂದರೆ ಒಂದು ಗಾಯವನ್ನು ತಪ್ಪಿಸಿದ ನೆಲ ಇನ್ನೊಂದನ್ನು ಹುಟ್ಟಿಸುತ್ತದೆ. ಸಗಣಿ ಕೆಳಗೆ ಬಿದ್ದುಹೋಗಲೆಂದು ಮಾಡಿದ ಸೀಳು ನೆಲದ ಬಗ್ಗೆ ನಮ್ಮಲ್ಲೂ ಆಕರ್ಷಣೆ ಬೆಳೆಯುತ್ತಿದೆ. ಅದು ಮೈಯನ್ನು ಸಗಣಿಯಿಂದ ದೂರವಿಡುತ್ತದೆ, ಕೆಳಗಿನಿಂದ ಗಾಳಿ ಬಿಡುತ್ತದೆ. ಬಿಸಿ ಸೀಮೆಯಲ್ಲಿ ಇವೆರಡೂ ಸಣ್ಣ ಲಾಭಗಳಲ್ಲ. ಆದರೆ ಸೀಳು ಎಷ್ಟು ಅಗಲವಿರಬೇಕು ಎಂಬುದರಲ್ಲಿ ಮಿಲಿಮೀಟರಿನ ಲೆಕ್ಕವಿದೆ. ಕಾಂಕ್ರೀಟ್ ಸೀಳು ನೆಲಕ್ಕೆ ಯುರೋಪಿಯನ್ ಒಕ್ಕೂಟದ 2008ರ ನಿಯಮ ಹಾಲುಣ್ಣುವ ಮರಿಗಳಿಗೆ 11 ಮಿ.ಮೀ., ಹಾಲು ಬಿಟ್ಟವಕ್ಕೆ 14, ಬೆಳೆಯುವ ಹಂದಿಗಳಿಗೆ 18, ತಾಯಿಹಂದಿಗಳಿಗೆ 20ಕ್ಕಿಂತ ಹೆಚ್ಚಿರಬಾರದು ಎನ್ನುತ್ತದೆ. ಅಂಥ ಅಚ್ಚಿನಲ್ಲಿ ಎರಕ ಹೊಯ್ದ ಪಟ್ಟಿಗಳು ಸಿಗದ ಕಡೆ ಕಬ್ಬಿಣದ ಸಲಾಕೆ ಬೆಸೆದು ಜಾಲರಿ ಮಾಡಿದರೆ ಬೆಸುಗೆಯ ಏಣು, ತುಕ್ಕಿನ ಚೂಪು ಎಲ್ಲ ಚರ್ಮಕ್ಕೇ. ಚೆನ್ನಾಗಿ ಮಾಡಲು ಆಗದಿದ್ದರೆ ಸೀಳು ನೆಲದ ಗೋಜಿಗೆ ಹೋಗದಿರುವುದೇ ಲೇಸು.

ಯುರೋಪಿನ ಈ ಪುರಾವೆಯನ್ನು ಇಲ್ಲಿಗೆ ತರುವಾಗ ಎರಡು ಎಚ್ಚರ ಬೇಕು. ಹುಲ್ಲು ಹಾಸುವ ಸಾಕಣೆದಾರ ಸಾಮಾನ್ಯವಾಗಿ ಜಾಗವನ್ನೂ ಹೆಚ್ಚು ಕೊಟ್ಟಿರುತ್ತಾನೆ, ಮರಿಗಳನ್ನು ದಿನಕ್ಕೆರಡು ಬಾರಿ ಕಣ್ಣಾರೆ ನೋಡಿರುತ್ತಾನೆ. ಚರ್ಮ ಚೆನ್ನಾಗಿರುವುದಕ್ಕೆ ಹುಲ್ಲೆಷ್ಟು ಕಾರಣ, ಆರೈಕೆಯೆಷ್ಟು ಕಾರಣ ಎಂದು ಬಿಡಿಸುವುದು ಸುಲಭವಲ್ಲ. ಇದಕ್ಕಿಂತ ದೊಡ್ಡ ಎಚ್ಚರ ಹವೆಯದು. ಅಲ್ಲಿ ಹಾಸು ಮೆತ್ತಗೂ ಹೌದು, ಬೆಚ್ಚಗೂ ಹೌದು, ಎರಡೂ ಬೇಕಾದದ್ದೇ. ಇಲ್ಲಿ ಮೆತ್ತಗಿರುವುದು ಬೇಕು, ಬೆಚ್ಚಗಿರುವುದು ಬೇಡ. ಮೇಘಾಲಯದ ಉಮಿಯಾಮ್‌ನಲ್ಲಿರುವ ಭಾರತೀಯ ಕೃಷಿ ಸಂಶೋಧನಾ ಪರಿಷತ್ತಿನ ಕೇಂದ್ರ ದಪ್ಪ ಹಾಸಿನ ಹಂದಿ ಸಾಕಣೆಯನ್ನು ಆ ಗುಡ್ಡದ ಸೀಮೆಗೆ ಒಗ್ಗಿಸಿದೆ. ಮರದ ಹೊಟ್ಟು, ಭತ್ತದ ಹೊಟ್ಟಿನ ಹಾಸಿನಲ್ಲಿ ಸಗಣಿ ಅಲ್ಲೇ ಗೊಬ್ಬರವಾಗುತ್ತದೆ, ಚಳಿಯಲ್ಲಿ ಹಂದಿಗೆ ಕಾವೂ ಸಿಗುತ್ತದೆ. ಗೊಬ್ಬರವಾಗುವ ಹಾಸಿನ ಒಳಗೆ 40, 50 ಡಿಗ್ರಿ ಕಾವು ಏಳುವುದು ಸಹಜ. ಉಮಿಯಾಮ್‌ನ ಜನವರಿಗೆ ಅದು ವರ. ಮಾನ್ವಿಯ ಮೇ ತಿಂಗಳಿಗೆ ಅಲ್ಲ. ಅಂಥ ಹಾಸಿನ ಮೇಲೆ ಹಂದಿಯನ್ನು ಮಧ್ಯಾಹ್ನ ಕೂಡಿದರೆ ಅದು ಹಾಸನ್ನು ಬಿಟ್ಟು ನೀರಿನ ತೊಟ್ಟಿಯ ಬುಡದ ರಾಡಿಗೆ ಹೋಗುತ್ತದೆ, ಹಾಸಿಗೆ ಹಾಕಿದ ಹಣ, ಶ್ರಮ ಎರಡೂ ವ್ಯರ್ಥ.

ಮಾನ್ವಿ, ಸಿಂಧನೂರು ಕಡೆ ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಿಂದ ಭತ್ತ ಬೆಳೆಯುತ್ತದೆ, ಗಿರಣಿಗಳಲ್ಲಿ ಹೊಟ್ಟಿನ ರಾಶಿ ಬೀಳುತ್ತದೆ. ಅದನ್ನು ಬಳಸಬೇಡಿ ಎನ್ನುವುದು ನನ್ನ ಮಾತಲ್ಲ. ಎಲ್ಲಿ, ಯಾವಾಗ, ಎಷ್ಟು ತೆಳುವಾಗಿ ಎಂಬುದೇ ಪ್ರಶ್ನೆ. ಹೊಟ್ಟಿನ ತೂಕದಲ್ಲಿ ಐದರಲ್ಲೊಂದು ಪಾಲು ಬೂದಿ, ಆ ಬೂದಿಯ ಬಹುಪಾಲು ಸಿಲಿಕಾ. ಒಣಗಿದ್ದಾಗ ದೊಡ್ಡ ಹಂದಿಯ ದಪ್ಪ ಚರ್ಮಕ್ಕೆ ಅದು ಏನೂ ಮಾಡದು, ಆದರೆ ಹಸಿಮರಿಗೆ ಚುಚ್ಚುತ್ತದೆ, ಧೂಳು ಕಣ್ಣಿಗೆ ಮೂಗಿಗೆ ಹೋಗುತ್ತದೆ. ಮರಿಗಳಿರುವ ಮೂಲೆಗೆ ಕತ್ತರಿಸಿದ ಭತ್ತದ ಹುಲ್ಲು, ಇಲ್ಲವೇ ಒಗೆದು ಒಣಗಿಸಿದ ಗೋಣಿತಾಟು ಲೇಸು. ಹುಟ್ಟಿದ ಮರಿಗೆ 30ರಿಂದ 34 ಡಿಗ್ರಿ ಕಾವು ಬೇಕು, ತಾಯಿಗೆ 20ರ ಆಸುಪಾಸು ಹಿತ. ಒಂದೇ ಗೂಡಿನಲ್ಲಿ ಎರಡು ಹವೆ ಬೇಕೆಂದರೆ ಗಾಳಿಯಿಂದ ಅದು ಆಗದ ಕೆಲಸ, ನೆಲದಿಂದ ಆಗುತ್ತದೆ.

ನಮ್ಮ ಸೀಮೆಯ ನೆಲಗಳ ಸ್ವಭಾವವನ್ನೂ ತೂಗಿ ನೋಡಬೇಕು. ಮಣ್ಣಿನ ನೆಲ ಎಂದು ಸಾರಾಸಗಟಾಗಿ ಹೇಳುವುದರಲ್ಲಿ ಅರ್ಥವಿಲ್ಲ, ಏಕೆಂದರೆ ಎರೆ ಬೇರೆ, ಮಸಾರಿ ಬೇರೆ. ಎರೆಮಣ್ಣಿನ ಜೇಡಿ ನೀರು ಕುಡಿದು ಉಬ್ಬುತ್ತದೆ, ಒಣಗಿ ಬಿರಿಯುತ್ತದೆ. ಮಳೆಗಾಲದಲ್ಲಿ ಎರೆ ನೆಲದ ಗೂಡು ಮೊಣಕಾಲುದ್ದ ರಾಡಿ. ಕೆಳಗೆ ನೀರು ಇಂಗುವುದಿಲ್ಲ, ಮೂತ್ರ ಅಲ್ಲೇ ನಿಲ್ಲುತ್ತದೆ. ಬೇಸಿಗೆಯಲ್ಲಿ ಅದೇ ನೆಲದ ಬಿರುಕಿನ ಅಂಚು ಕಲ್ಲಿನಷ್ಟು ಗಟ್ಟಿ. ಮಸಾರಿಯ ಮೇಲೆ ಗರಸು ಹಾಕಿ ತುಳಿಸಿದ ನೆಲ ನೀರನ್ನು ಕೆಳಕ್ಕೆ ಬಿಡುತ್ತದೆ, ಮೈ ಒತ್ತಿದರೆ ಸ್ವಲ್ಪ ಬಿಟ್ಟುಕೊಡುತ್ತದೆ, ರಾತ್ರಿಯ ತಂಪನ್ನು ಹಿಡಿದಿಡುತ್ತದೆ. ದೇವದುರ್ಗದಂಥ ಕಡೆ, ಎರೆಯೂ ಮಸಾರಿಯೂ ಹತ್ತಿರ ಹತ್ತಿರವೇ ಸಿಗುವಲ್ಲಿ, ಗೂಡಿಗೆ ಜಾಗ ಆರಿಸುವಾಗಲೇ ಅರ್ಧ ಕೆಲಸ ಮುಗಿಯುತ್ತದೆ. ಶಹಾಬಾದ್ ಪರಸಿ ಈ ಭಾಗದ ಮನೆಮನೆಯ ನೆಲ. ನೆರಳಲ್ಲಿ ಅದರ ತಂಪಿಗೆ ಸಾಟಿಯಿಲ್ಲ, ಉಜ್ಜದಷ್ಟು ನುಣುಪು. ಆದರೆ ಹಸಿಯಾದರೆ ಜಾರುತ್ತದೆ, ಹಂದಿ ಕಾಲು ಕಿಸಿದು ಬೀಳುತ್ತದೆ, ಎರಡು ಪರಸಿಗಳ ಸಂದಿನಲ್ಲಿ ಮೂತ್ರ ನಿಲ್ಲುತ್ತದೆ. ಹಾಗಾಗಿ ಪರಸಿ ಮಲಗುವ ಜಾಗಕ್ಕೆ ಸರಿ, ಸಗಣಿ ಬೀಳುವ ಜಾಗಕ್ಕಲ್ಲ. ಗಚ್ಚಿನದು ಇದರ ತದ್ವಿರುದ್ಧ: ಕರಣೆಯಿಂದ ಕನ್ನಡಿಯಂತೆ ತಿಕ್ಕದೆ, ಕಟ್ಟಿಗೆ ಹಲಗೆಯಿಂದ ಉಜ್ಜಿ ಮುಗಿಸಿ, ಮೀಟರಿಗೆ ಮೂರು ಸೆಂಟಿಮೀಟರಿನಷ್ಟು ಇಳಿಜಾರು ಕೊಟ್ಟರೆ ಸಗಣಿ ತೊಳೆಯುವ ಪಟ್ಟಿಗೆ ಅದಕ್ಕಿಂತ ಒಳ್ಳೆಯದು ಇಲ್ಲ.

ಈ ವಾದಕ್ಕೆ ಎದುರಾಗುವ ಬಲವಾದ ಆಕ್ಷೇಪವೆಂದರೆ ಹುರುಕು. ಹಂದಿಯ ಚರ್ಮರೋಗಗಳಲ್ಲಿ ಎಲ್ಲೆಡೆ ಹೆಚ್ಚು ಕಾಡುವುದು ಅದೇ. ಅದಕ್ಕೆ ಕಾರಣ ಸಾರ್ಕಾಪ್ಟಿಸ್ ಎಂಬ ನುಸಿ, ನೆಲವಲ್ಲ. ಹೆಣ್ಣು ನುಸಿ ಚರ್ಮದ ಮೇಲ್ಪದರದಲ್ಲಿ ಸುರಂಗ ಕೊರೆದು ಮೊಟ್ಟೆಯಿಡುತ್ತದೆ, ಎರಡು ವಾರದ ಆಸುಪಾಸಿನಲ್ಲಿ ಹೊಸ ಪೀಳಿಗೆ ಸಿದ್ಧ. ಮುಖ್ಯವಾಗಿ ಹರಡುವುದು ಮೈಗೆ ಮೈ ತಾಗಿ. ಕಿವಿಯೊಳಗೆ ಬೂದುಬಣ್ಣದ ಹಕ್ಕಳೆ ಕಟ್ಟಿಕೊಂಡ ಮುದಿ ಹೆಣ್ಣುಹಂದಿ ಮತ್ತು ಬೀಜದ ಹಂದಿಯೇ ಅದರ ಕಣಜ. ಐವರ್ಮೆಕ್ಟಿನ್ ಸೂಜಿಯನ್ನು ಪಶುವೈದ್ಯರು ಹೇಳಿದಂತೆ ಎರಡು ವಾರದ ಅಂತರದಲ್ಲಿ ಎರಡು ಬಾರಿ, ಗುಂಪಿನ ಎಲ್ಲ ಹಂದಿಗಳಿಗೂ ಒಟ್ಟಿಗೇ ಕೊಡದೆ ಬರೀ ನೆಲ ಬದಲಿಸಿದರೆ ಹುರುಕು ಹೋಗದು. ಇದನ್ನು ಒಪ್ಪಲೇಬೇಕು. ಆದರೂ ನೆಲಕ್ಕೆ ಇಲ್ಲಿ ಎರಡನೆಯ ಪಾತ್ರವಿದೆ. ಮೈಯಿಂದ ಉದುರಿದ ನುಸಿ ಬಿಸಿ, ಒಣ ನೆಲದಲ್ಲಿ ಬೇಗ ಸಾಯುತ್ತದೆ. ತಂಪು ತೇವದಲ್ಲಿ ಹಲವು ದಿನ ಬದುಕುತ್ತದೆ. ಚಿಕಿತ್ಸೆಯ ದಿನ ಗೂಡು ಖಾಲಿ ಮಾಡಿ ತೊಳೆದು ಒಣಗಿಸಬಲ್ಲ ನೆಲವಿದ್ದರೆ ರಾಯಚೂರಿನ ಬಿಸಿಲೇ ಅರ್ಧ ಔಷಧಿ. ತುರಿಕೆಗೆ ಹಂದಿ ಒರಟು ಗೋಡೆಗೆ ಮೈ ತಿಕ್ಕಿ ಮಾಡಿಕೊಂಡ ಗಾಯದಲ್ಲಿ ಕೀವಾಗುವುದು ಬಿಡುವುದು ಮತ್ತೆ ಸಗಣಿಯ ತೇವವನ್ನೇ ಅವಲಂಬಿಸಿದೆ. ನೆಲವನ್ನೂ ನುಸಿಯನ್ನೂ ದೂರದೆ ಆಹಾರವನ್ನು ಅನುಮಾನಿಸಬೇಕಾದ ಸಂದರ್ಭವೂ ಉಂಟು. ಹೊಟ್ಟೆ, ತೊಡೆ, ಕಾಲುಗಳ ಮೇಲೆ ಎರಡೂ ಬದಿಗೆ ಒಂದೇ ತೆರನಾಗಿ ಒಣ ಪೊರೆ ಕಟ್ಟಿ, ತುರಿಕೆ ಮಾತ್ರ ಇಲ್ಲದಿದ್ದರೆ ಅದು ಸತುವಿನ ಕೊರತೆ ಇರಬಹುದು. 1955ರಲ್ಲಿ ಅಮೆರಿಕದ ಟಕರ್ ಮತ್ತು ಸಾಲ್ಮನ್ ಇದನ್ನು ತೋರಿಸಿಕೊಟ್ಟರು. ಅಕ್ಕಿ ತೌಡಿನ ಫೈಟೇಟ್ ಸತುವನ್ನು ಕಟ್ಟಿಹಾಕುತ್ತದೆ. ತೌಡನ್ನೇ ನಂಬಿ ಕೂಡಿ ಸಾಕುವವರು ಇದನ್ನು ಮರೆಯಬಾರದು.

ಇನ್ನೊಂದು ಮಾತು ಊರಲ್ಲಿ ಕೇಳಿಬರುತ್ತದೆ: ಬೀದಿಯ ಹಂದಿ ಚರಂಡಿಯಲ್ಲೇ ಬಿದ್ದಿದ್ದರೂ ಮೈ ಹೊಳೆಯುತ್ತದೆ, ಅದಕ್ಕೆ ಯಾವ ನೆಲದ ಶಾಸ್ತ್ರ? ಈ ಮಾತಿನಲ್ಲೇ ಉತ್ತರದ ಅರ್ಧವಿದೆ. ಬಿಟ್ಟ ಹಂದಿ ತೇವ ಸಾಕಾದಾಗ ಎದ್ದು ಒಣ ಜಾಗಕ್ಕೆ ಹೋಗುತ್ತದೆ, ಮೈಯ ಕೆಸರನ್ನು ಒಣಗಿಸಿ ಮರಕ್ಕೆ ತಿಕ್ಕಿ ಉದುರಿಸುತ್ತದೆ. ಅದಕ್ಕೆ ಎರಡು ನೆಲ ತಾನಾಗಿಯೇ ಸಿಕ್ಕಿವೆ. ಉಳಿದರ್ಧ ನಮ್ಮ ಕಣ್ಣಿನದು. ನಾಟಿ ಹಂದಿಯ ಕಪ್ಪು ಚರ್ಮದ ಮೇಲೆ ಕೆಂಪು ಕಾಣುವುದಿಲ್ಲ, ದಟ್ಟ ಕೂದಲು ತರಚನ್ನು ಮುಚ್ಚುತ್ತದೆ. ಬಿಳಿ ಯಾರ್ಕ್‌ಶೈರ್ ಹಂದಿಯ ಮೈಮೇಲೆ ದೂರದಿಂದಲೇ ಕಾಣುವ ಗಾಯ ನಾಟಿಯಲ್ಲಿ ಕೈ ಆಡಿಸಿದರೆ ಮಾತ್ರ ತಿಳಿಯುತ್ತದೆ. ಅದರ ಜೊತೆಗೆ ಬಿಳಿ ಹಂದಿಗೆ ಈ ಬಿಸಿಲು ನೇರವಾಗಿಯೇ ಶತ್ರು. ಕಿವಿ, ಬೆನ್ನು ಸುಟ್ಟು ಸುಲಿಯುತ್ತವೆ. ಬಿಳಿ ತಳಿ ತರುವವರು ನೆರಳಿಲ್ಲದ ಅಂಗಳವನ್ನು ಅದಕ್ಕೆ ಕೊಡಬಾರದು.

ಹಾಗೆಂದು ಹಂದಿಗಳನ್ನು ಬೀದಿಗೇ ಬಿಡಿ ಎಂಬ ತೀರ್ಮಾನಕ್ಕೆ ಹೋಗುವಂತಿಲ್ಲ. ಬಯಲು ಶೌಚ ಇರುವ ಕಡೆ ಅಲೆಯುವ ಹಂದಿಯಿಂದ ಲಾಡಿಹುಳುವಿನ ಚಕ್ರ ಮುಗಿಯದೆ ಸುತ್ತುತ್ತದೆ, ಅದರ ಮರಿಕೋಶ ಮನುಷ್ಯರ ಮಿದುಳು ಸೇರಿದರೆ ಮೂರ್ಛೆರೋಗ. ಭತ್ತದ ಗದ್ದೆಯಲ್ಲಿ ಹುಟ್ಟುವ ಕ್ಯೂಲೆಕ್ಸ್ ಸೊಳ್ಳೆ ಮಿದುಳು ಜ್ವರದ ವೈರಸ್ಸನ್ನು ಹಂದಿಯಿಂದ ಮಕ್ಕಳಿಗೆ ದಾಟಿಸಬಲ್ಲದು. 2020ರಲ್ಲಿ ಈಶಾನ್ಯದ ಮೂಲಕ ದೇಶಕ್ಕೆ ಕಾಲಿಟ್ಟ ಆಫ್ರಿಕನ್ ಹಂದಿ ಜ್ವರ, ಹೊರಗಿನ ಹಂದಿಯ ಸಂಪರ್ಕವೇ ಬೇಡ ಎನ್ನುವ ಸ್ಥಿತಿ ತಂದಿದೆ. ಕೂಡಿ ಸಾಕುವುದು ಬೇಕೇ ಬೇಕು. ಆದರೆ ಇದೇ ಕಾರಣ ಮುಂದಿಟ್ಟು ಕೆಸರಿನ ಹೊಂಡವೂ ಬೇಡ, ಮಣ್ಣಿನ ನೆಲವೂ ಬೇಡ, ಎಲ್ಲ ಗಚ್ಚು ಮಾಡಿ ಎನ್ನುವವರಿದ್ದಾರೆ. ಅವರ ಮಾತಿನಲ್ಲಿ ಹುರುಳಿದೆ: ಮಣ್ಣಿಗೆ ಕ್ರಿಮಿನಾಶಕ ಹಾಕಿ ಪ್ರಯೋಜನ ಕಡಿಮೆ, ಮೈಮೇಲೆ ಚೌಕಾಕಾರದ ಕೆಂಪು ಬಾವು ಎಬ್ಬಿಸುವ ಎರಿಸಿಪೆಲಸ್ ರೋಗಾಣು ಮಣ್ಣಿನಲ್ಲಿ ಉಳಿಯಬಲ್ಲದು, ನಿಂತ ಹೊಂಡ ಸೊಳ್ಳೆಯ ತೊಟ್ಟಿಲು. ಉತ್ತರ ಹೊಂಡವನ್ನು ಮುಚ್ಚುವುದರಲ್ಲಿಲ್ಲ, ಖಾಲಿ ಮಾಡಬಲ್ಲಂತೆ ಕಟ್ಟುವುದರಲ್ಲಿದೆ. ಒಂದು ಗೇಣು ಆಳದ ಗಚ್ಚಿನ ತೊಟ್ಟಿಗೆ ಕೆಳಗೊಂದು ತೂಬು ಇಟ್ಟು ದಿನವೂ ನೀರು ಬಿಟ್ಟರೆ, ಮೊಟ್ಟೆಯಿಂದ ಹಾರುವ ಸೊಳ್ಳೆಯಾಗಲು ಬೇಕಾದ ಒಂದು ವಾರ ಅದಕ್ಕೆ ಎಂದೂ ಸಿಗುವುದಿಲ್ಲ. ಕೆಸರಿಲ್ಲದ ನೀರು ಬೇಗ ಆರುತ್ತದೆ ಎಂಬ ಇಂಗ್ರಾಮರ ಅಳತೆ ಇಲ್ಲಿ ನೆನಪಾಗಬೇಕು. ಅದಕ್ಕೆ ಪರಿಹಾರ, ಮಧ್ಯಾಹ್ನ ಅರ್ಧ ಗಂಟೆಗೊಮ್ಮೆ ಒಂದೆರಡು ನಿಮಿಷ ಮೈ ಒದ್ದೆ ಮಾಡುವ ಸಣ್ಣ ಚಿಮುಕು ನಳ.

ನೀರಿಗೇ ತತ್ವಾರವಿರುವ ಊರಲ್ಲಿ ಇದು ಐಷಾರಾಮವಲ್ಲವೇ? ಹಿಂದಿನ ಲೆಕ್ಕ ಹೇಳುವುದು ಬೇರೆ. ದೊಡ್ಡ ಹಂದಿಗೆ ಧಗೆಯ ಹೊತ್ತಿಗೆ ಎರಡು ಮೂರು ಲೀಟರ್ ಆವಿಯಾದರೆ ಸಾಕು. ಸುತ್ತ ಚೆಲ್ಲುವುದನ್ನು ಸೇರಿಸಿದರೂ, ಇಡೀ ಗೂಡಿನ ಗಚ್ಚನ್ನು ದಿನಕ್ಕೆರಡು ಬಾರಿ ತೊಳೆಯುವ ನೀರಿಗಿಂತ ಕಡಿಮೆ. ಖರ್ಚಿನ ಆಕ್ಷೇಪಕ್ಕೂ ಹೀಗೇ ಉತ್ತರವಿದೆ. 2021ರಲ್ಲಿ ಪರಿಷ್ಕೃತವಾದ ರಾಷ್ಟ್ರೀಯ ಜಾನುವಾರು ಮಿಷನ್ ಹಂದಿ ಸಾಕಣೆಯ ಘಟಕಕ್ಕೆ ಬಂಡವಾಳದ ಶೇ 50ರಷ್ಟು, ಗರಿಷ್ಠ 30 ಲಕ್ಷ ರೂಪಾಯಿವರೆಗೆ ಸಹಾಯಧನ ಕೊಡುತ್ತದೆ. ಅದು ದೊಡ್ಡ ಘಟಕಗಳ ಲೆಕ್ಕ. ತಲೆಮಾರುಗಳಿಂದ ಹಂದಿ ಸಾಕಿಕೊಂಡು ಬಂದ ಕೊರವರು, ಹಂದಿಜೋಗಿಗಳ ಮನೆಯಲ್ಲಿ ಐದೋ ಹತ್ತೋ ಹಂದಿ; ಅವರಿಗೆ ಪೂರ್ತಿ ಕಾಂಕ್ರೀಟಿನ ಶೆಡ್ ಕೈಗೆಟುಕದ ಮಾತು. ಎರಡು ನೆಲದ ಗೂಡಿನಲ್ಲಿ ಗಚ್ಚು ಬೇಕಾದದ್ದು ಮೂರರಲ್ಲೊಂದು ಭಾಗಕ್ಕೆ ಮಾತ್ರ: ಸಗಣಿ ಬೀಳುವ, ನೀರಿನ ನಳ ಮತ್ತು ತೊಟ್ಟಿ ಇರುವ ಇಳಿಜಾರು ಪಟ್ಟಿ. ಹಂದಿ ತೇವವಿದ್ದ ಕಡೆ ಸಗಣಿ ಹಾಕುವ ಪ್ರಾಣಿಯಾದ್ದರಿಂದ ನಳವನ್ನು ಎಲ್ಲಿಡುತ್ತೇವೆ ಎಂಬುದರಿಂದಲೇ ಅದಕ್ಕೆ ಆ ಜಾಗ ಕಲಿಸಿದಂತೆ. ಉಳಿದ ಎರಡು ಭಾಗ ಒಂದು ಚೋಟು ಎತ್ತರದಲ್ಲಿ ಗರಸು ತುಳಿಸಿದ್ದೋ ಪರಸಿ ಹಾಸಿದ್ದೋ ಇರಲಿ, ಮೇಲೆ ತಗಡಿದ್ದರೆ ಅದರ ಮೇಲೆ ತೊಗರಿಕಟ್ಟಿಗೆಯನ್ನೋ ಸೋಗೆಯನ್ನೋ ಹೊದಿಸಿದ ನೆರಳಿರಲಿ. ರಾತ್ರಿ ತಣಿದ ನೆಲ ಮಧ್ಯಾಹ್ನದವರೆಗೆ ಮೈಗಿಂತ ತಂಪಾಗಿ ಉಳಿಯಲು ಈ ನೆರಳೇ ಆಧಾರ. ಸೋಂಕಿನ ಕಾಲದಲ್ಲಿ ಗರಸಿನ ಮೇಲ್ಪದರವನ್ನು ಕೆತ್ತಿ ತೆಗೆದು ಹೊಸದು ಹಾಕಬಹುದು. ಗಚ್ಚು ಬಿರುಕು ಬಿಟ್ಟರೆ ಅಷ್ಟು ಸುಲಭವಲ್ಲ.

ಈ ವ್ಯವಸ್ಥೆ ಸೋಲುವ ಕಾಲವೊಂದಿದೆ, ಅದು ಬೇಸಿಗೆಯಲ್ಲ. ಆಗಸ್ಟ್, ಸೆಪ್ಟೆಂಬರಿನಲ್ಲಿ ಉಷ್ಣಾಂಶ 30ರ ಆಸುಪಾಸಿಗೆ ಇಳಿದರೂ ಗಾಳಿಯಲ್ಲಿ ತೇವ ತುಂಬಿರುತ್ತದೆ. ಮೈಮೇಲಿನ ನೀರು ಆವಿಯಾಗದೆ ಚರ್ಮವನ್ನು ನೆನೆಸುತ್ತ ಕೂರುತ್ತದೆ. ಚಿಮುಕು ನಳದಿಂದ ಆಗ ಉಪಕಾರಕ್ಕಿಂತ ಕೆಡುಕೇ ಹೆಚ್ಚು. ಮರಿಗಳ ಜಿಡ್ಡುರೋಗ, ಗೊರಸಿನ ಸಂದಿನ ಹುಣ್ಣು, ಹುರುಕಿನ ಗಾಯದಲ್ಲಿ ಕೀವು ಎಲ್ಲಕ್ಕೂ ಅದೇ ಸುಗ್ಗಿಯ ಕಾಲ. ಆ ಎರಡು ತಿಂಗಳು ನಳ ನಿಲ್ಲಿಸಿ, ತೊಟ್ಟಿ ಖಾಲಿ ಇಟ್ಟು, ಮಲಗುವ ಎತ್ತರದ ನೆಲದ ಮೇಲೆ ಮೂರು ಬೆರಳು ದಪ್ಪಕ್ಕೆ ಒಣ ಹೊಟ್ಟು ಅಥವಾ ಹುಲ್ಲು ಹರಡಿ, ಹಸಿಯಾದದ್ದನ್ನು ದಿನವೂ ಬಾಚಿ ತೆಗೆಯಬೇಕು. ತೆಳುವಾಗಿರುವುದರಿಂದ ಅದು ಕಾವೇರುವುದಿಲ್ಲ, ತೇವವನ್ನು ಮಾತ್ರ ಹೀರುತ್ತದೆ. ಮಳೆ ಹಿಡಿದ ಮೇಲೆ ಒಣ ಹೊಟ್ಟು ಹುಡುಕಿದರೆ ಸಿಗದು. ಬೇಸಿಗೆ ಬೆಳೆಯ ಭತ್ತ ಗಿರಣಿಗೆ ಬರುವ ಏಪ್ರಿಲ್, ಮೇ ತಿಂಗಳಲ್ಲೇ ಚೀಲಕ್ಕೆ ತುಂಬಿ, ನೆಲಕ್ಕೆ ತಾಗದಂತೆ ಅಟ್ಟದ ಮೇಲಿಟ್ಟು ತಾಡಪಾಲು ಮುಚ್ಚಿಡಬೇಕು.